ಕಿಣ್ವ ಏರಿದರೆ ಮಣ್ಣಿನ ಹಸಿವು ತೀರಿತೆಂದಲ್ಲ
ಚೀನಾದ ಲೋಯೆಸ್ ಪ್ರಸ್ಥಭೂಮಿಯಲ್ಲಿ (ಗಾಳಿ ತಂದು ಕೂಡಿಸಿದ ನುಣುಪು ಮಣ್ಣಿನ ಎತ್ತರದ ನೆಲ) 1999ರಿಂದ ಇಳಿಜಾರಿನ ಹೊಲಗಳಲ್ಲಿ ಬೇಸಾಯ ಬಿಟ್ಟು ಮರ, ಹುಲ್ಲು ಬೆಳೆಸಿದ ಬಗ್ಗೆ ನಿಮ್ಮ ಲೇಖನದಲ್ಲಿ ಚೆನ್ನಾಗಿ ಬರೆದಿದ್ದೀರಿ. ಆದರೆ ಮಣ್ಣಿನ ಕಿಣ್ವ (ಎನ್‌ಜೈಮ್) ಏರಿದ್ದು ನೋಡಿ, ಮಣ್ಣಿನ ಸತ್ವವೆಲ್ಲ ಮರಳಿ ಬಂತು ಎಂದಿದ್ದು ಪೂರ್ತಿ ಸರಿಯಲ್ಲ.

ಅಲ್ಲಿ ತುಂಬಾ ನೆಟ್ಟಿದ್ದು ಬ್ಲ್ಯಾಕ್ ಲೋಕಸ್ಟ್ ಮರ. ನಮ್ಮ ಹೊಂಗೆಯ ಹಾಗೆ ಅದರ ಬೇರಿನ ಗಂಟುಗಳಲ್ಲೂ ಗಾಳಿಯ ಸಾರಜನಕ ಹಿಡಿಯುವ ಬ್ಯಾಕ್ಟೀರಿಯಾ ಇರುತ್ತವೆ. ತರಗೆಲೆ ಕೊಳೆತಂತೆ ಇಂಗಾಲವೂ ಸಾರಜನಕವೂ ಏರುತ್ತವೆ. ರಂಜಕದ (ಫಾಸ್ಫರಸ್) ಕಥೆ ಬೇರೆ. ಅದು ಗಾಳಿಯಿಂದ ಸಿಗುವುದಿಲ್ಲ, ಮಣ್ಣಿನಿಂದಲೇ ಬಿಡಿಸಿಕೊಳ್ಳಬೇಕು. ಅಲ್ಲಿನ ಮಣ್ಣಿನಲ್ಲಿ ಸುಣ್ಣದ ಅಂಶ ಜಾಸ್ತಿ, ಅದು ರಂಜಕವನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಆಗ ಬೇರುಗಳು, ಸೂಕ್ಷ್ಮಜೀವಿಗಳು ಫಾಸ್ಫಟೇಸ್ ಎಂಬ ಕಿಣ್ವವನ್ನು ಹೆಚ್ಚು ಸುರಿಸಿ, ಕೊಳೆತ ಎಲೆಯೊಳಗಿನ ರಂಜಕವನ್ನು ಕಿತ್ತುಕೊಳ್ಳುತ್ತವೆ. ಹಾಗಾಗಿ ಕಿಣ್ವದ ಅಂಕಿ ಏರಿದ್ದು ನೋಡಿ ಸುಮ್ನೆ ಖುಷಿಪಡುವಂತಿಲ್ಲ. ಕೆಲವೊಮ್ಮೆ ಅದು ಹಸಿವಿನ ಗುರುತು, ಅಲ್ವಾ?

ನೀರಿನ ಮಾತೂ ಬರಬೇಕಿತ್ತು. ಈ ಮರ ಆಳದ ತೇವವನ್ನೂ ಹೀರುತ್ತದೆ. ಮಳೆ ಕಡಿಮೆ ಇರುವ ಕಡೆ ನೆಟ್ಟವು ಎತ್ತರಕ್ಕೆ ಬೆಳೆಯದೆ, ತುದಿ ಒಣಗಿ, ಕುಳ್ಳಗೆ ಮುದುಡಿ ನಿಂತಿವೆ. ಮೇಲೆ ಎಲೆಗೊಬ್ಬರ, ಒಂದೆರಡು ಆಳುದ್ದ ಕೆಳಗೆ ಒಣಪುಡಿ ಮಣ್ಣು. ಅಂಥಲ್ಲಿ ಆ ನೆಲದ್ದೇ ಆದ ಹುಲ್ಲು, ಪೊದೆ ತಾವಾಗಿ ಏಳಲು ಬಿಡುವುದೇ ಮೇಲು ಅನ್ನುವುದು ನನ್ನ ಅನಿಸಿಕೆ.