ಬಾಡಿಗೆ ದಿನಕ್ಕೆ 50 ಡಾಲರ್, ಏಸಿ ಇಲ್ಲ: ಫ್ಲೋರಿಡಾ ಜೈಲಿಗೆ ಹೊರಟವರಿಗೆ ಕೆಲವು ಸೂಚನೆಗಳು

ಫ್ಲೋರಿಡಾದಲ್ಲಿ ಬಡವನಾಗುವುದಕ್ಕೆ ಖರ್ಚೇನೂ ಇಲ್ಲ. ತಾನು ಬಡವ ಅಂತ ಕೋರ್ಟಿಗೆ ತಿಳಿಸುವುದಕ್ಕೆ ಮಾತ್ರ 50 ಡಾಲರ್ ಆಗುತ್ತದೆ.

ವಕೀಲರಿಗೆ ಕೊಡಲು ಕಾಸಿಲ್ಲದ ಆರೋಪಿಗೆ ಸರ್ಕಾರವೇ ವಕೀಲರನ್ನು ಒದಗಿಸಬೇಕು ಎಂಬ ತೀರ್ಪು ಹುಟ್ಟಿದ್ದೂ ಇದೇ ರಾಜ್ಯದ ಮೊಕದ್ದಮೆಯೊಂದರಿಂದ. ಪನಾಮ ಸಿಟಿಯ ಬಿಲಿಯರ್ಡ್ಸ್ ಅಡ್ಡೆಗೆ ನುಗ್ಗಿ ಚಿಲ್ಲರೆ ಕದ್ದನೆಂದು ಕ್ಲಾರೆನ್ಸ್ ಗಿಡಿಯನ್ ಎಂಬಾತನಿಗೆ 1961ರಲ್ಲಿ ಐದು ವರ್ಷ ಸಜೆಯಾಯಿತು. ವಕೀಲ ಬೇಕು ಅಂದದ್ದಕ್ಕೆ ಅಂಥ ಪದ್ಧತಿ ನಮ್ಮಲ್ಲಿಲ್ಲ ಎಂದು ನ್ಯಾಯಾಧೀಶರು ಅಂದಿದ್ದರು. ಆತ ಜೈಲಿನ ಕಾಗದದ ಮೇಲೆ ಪೆನ್ಸಿಲ್ಲಿನಲ್ಲಿ ಅರ್ಜಿ ಗೀಚಿ ಸುಪ್ರೀಂ ಕೋರ್ಟಿಗೆ ಕಳಿಸಿ 1963ರಲ್ಲಿ ಗೆದ್ದ. ಮರುವಿಚಾರಣೆಗೆ ವಕೀಲರು ಬಂದರು, ಖುಲಾಸೆಯಾಯಿತು. ಅಂದಿನಿಂದ ವಕೀಲ ಉಚಿತ. ಅರ್ಜಿ ಫಾರಂ ಉಚಿತವಲ್ಲ. 'ನನ್ನ ಬಳಿ ದುಡ್ಡಿಲ್ಲ' ಎಂದು ಪ್ರಮಾಣ ಮಾಡಿದ ಏಳು ದಿನದೊಳಗೆ 50 ಡಾಲರ್ ಕಟ್ಟಬೇಕು. ಕಟ್ಟದಿದ್ದರೆ ವಕೀಲರನ್ನು ನಿರಾಕರಿಸುತ್ತಾರೆಯೇ? ಛೇ, ಅಷ್ಟು ಕಟುಕರಲ್ಲ. ಬಾಕಿ ಅಂತ ಬರೆದುಕೊಳ್ಳುತ್ತಾರೆ. ಕೇಸು ಸೋತರೆ ಆ ಉಚಿತ ವಕೀಲರ ಖರ್ಚೆಂದು ಸಣ್ಣ ಅಪರಾಧಕ್ಕೆ ಕನಿಷ್ಠ 50, ದೊಡ್ಡದಕ್ಕೆ ಕನಿಷ್ಠ 100 ಡಾಲರ್ ಅದರ ಕೆಳಗೆ ಸೇರುತ್ತದೆ.

ಇನ್ನು ವಾಸ್ತವ್ಯ. ಕಾನೂನಿನಲ್ಲಿ ನಿಗದಿಯಾದ ದರ ದಿನಕ್ಕೆ 50 ಡಾಲರ್. ಜೀವಾವಧಿ ಅಥವಾ ಮರಣದಂಡನೆ ವಿಧಿಸಬಹುದಾದ ಅಪರಾಧಕ್ಕೆ ದಿನದ ಲೆಕ್ಕವಿಲ್ಲ, ಒಟ್ಟಿಗೆ ಎರಡೂವರೆ ಲಕ್ಷ ಡಾಲರ್. ದೀರ್ಘಕಾಲ ತಂಗುವವರಿಗೆ ಪ್ಯಾಕೇಜು ಇರಬೇಕಾದದ್ದೇ. ಬಿಸಿಲಿಗೆ ಹೆಸರಾದ ಈ ರಾಜ್ಯದ ಜೈಲುಗಳ ಬಹುಪಾಲು ವಸತಿ ಬ್ಲಾಕುಗಳಲ್ಲಿ ಏಸಿ ಇಲ್ಲ. ಒಳಗೆ ದುಡಿದು ಬಾಡಿಗೆ ತೀರಿಸೋಣವೆಂದರೆ ಅಡುಗೆ, ಕಸ, ರಸ್ತೆಬದಿಯ ಹುಲ್ಲು ಯಾವುದನ್ನು ಹಿಡಿದರೂ ಹೆಚ್ಚಿನವರಿಗೆ ಸಂಬಳ ಸೊನ್ನೆ. ಗುಲಾಮಗಿರಿಯನ್ನು ತೊಡೆದುಹಾಕಿದ 1865ರ 13ನೇ ತಿದ್ದುಪಡಿಯು ಅಪರಾಧಕ್ಕೆ ಶಿಕ್ಷೆಯಾಗಿ ದುಡಿಸಿಕೊಳ್ಳುವುದನ್ನು ಬಿಟ್ಟು ಉಳಿದದ್ದನ್ನಷ್ಟೇ ನಿಷೇಧಿಸಿದ್ದು. ಜ್ವರ ಬಂದು ಡಾಕ್ಟರರನ್ನು ನೋಡಬೇಕೆಂದರೆ ಸಲಕ್ಕೆ 5 ಡಾಲರ್. ಸಂಬಳ ಸೊನ್ನೆಯಾದವನ ಖಾತೆಗೆ ಮನೆಯವರು ಹಾಕಿದ ಹಣದಿಂದ ಅದನ್ನು ಮುರಿದುಕೊಳ್ಳುತ್ತಾರೆ.

ಲೆಕ್ಕದ ಸೊಗಸು ಇರುವುದು ಚೆಕ್‌ಔಟ್‌ನಲ್ಲಿ. ಬಿಲ್ಲು ಹಾಕುವುದು ಒಳಗಿದ್ದ ದಿನಗಳಿಗಲ್ಲ, ನ್ಯಾಯಾಧೀಶರು ವಿಧಿಸಿದ ದಿನಗಳಿಗೆ. ಐದು ವರ್ಷ ಸಜೆ ಅಂದರೆ 1,825 ದಿನ, 91,250 ಡಾಲರ್. ಸನ್ನಡತೆಗೆ ರಿಯಾಯಿತಿ ಸಿಕ್ಕಿದರೂ ಶೇ. 85ರಷ್ಟು ಅವಧಿಯನ್ನು ಒಳಗೆ ಕಳೆಯಲೇಬೇಕು ಎಂಬುದು ಅಲ್ಲಿನ ನಿಯಮ. ಉಳಿದ ಶೇ. 15 ಅಂದರೆ ಸುಮಾರು 270 ದಿನ ಮುಂಚೆ ಆಚೆ ಬಂದವನು, ತಾನು ಮಲಗದ ಮಂಚಕ್ಕೆ ಹದಿಮೂರು ಸಾವಿರ ಡಾಲರಿಗೂ ಹೆಚ್ಚು ತೆರಬೇಕು. ಆ ಹೊತ್ತಿಗೆ ಅದೇ ಮಂಚದ ಮೇಲೆ ಇನ್ನೊಬ್ಬ ಮಲಗಿರುತ್ತಾನೆ, ಅವನ ಮೀಟರೂ ಓಡುತ್ತಿರುತ್ತದೆ. ಒಂದೇ ರಾತ್ರಿಗೆ ಒಂದೇ ಮಂಚವನ್ನು ಇಬ್ಬರಿಗೆ ಬಾಡಿಗೆ ಕೊಟ್ಟರೆ ಯಾವ ಲಾಡ್ಜಿನವನ ಮೇಲಾದರೂ ಕೇಸು ಬೀಳುತ್ತದೆ. ಇಲ್ಲಿ ಕೇಸು ಹಾಕುವವರೇ ಲಾಡ್ಜು ನಡೆಸುವವರು.

(ಊಟದ ವಿಷಯದಲ್ಲಿ ಪಕ್ಕದ ಅಲಬಾಮಾ ಬಹಳ ಮುಂದುವರಿದಿತ್ತು. ಕೌಂಟಿ, ಅಂದರೆ ಜಿಲ್ಲಾ ಜೈಲಿನ ಊಟಕ್ಕೆಂದು ರಾಜ್ಯವು ಕೈದಿಯೊಬ್ಬನಿಗೆ ದಿನಕ್ಕೆ 1.75 ಡಾಲರ್ ಕೊಡುತ್ತಿತ್ತು. ಅದರಲ್ಲಿ ಉಳಿಸಿದ್ದು ಜೈಲು ನಡೆಸುವ ಶೆರಿಫ್ ಸಾಹೇಬರ ಸ್ವಂತಕ್ಕೆ. ಮಾರ್ಗನ್ ಕೌಂಟಿಯ ಶೆರಿಫರು ಅಗ್ಗಕ್ಕೆ ಸಿಕ್ಕ ಲಾರಿಗಟ್ಟಲೆ ಕಾರ್ನ್‌ಡಾಗ್ ತರಿಸಿ, ಅಂದರೆ ಮೆಕ್ಕೆಜೋಳದ ಹಿಟ್ಟಿನಲ್ಲಿ ಅದ್ದಿ ಕರಿದ ಸಾಸೇಜು, ವಾರಗಟ್ಟಲೆ ಅದನ್ನೇ ಬಡಿಸಿದರು. ಮೂರು ವರ್ಷದಲ್ಲಿ 2,12,000 ಡಾಲರ್ ಉಳಿತಾಯ. 2009ರಲ್ಲಿ ಫೆಡರಲ್ ನ್ಯಾಯಾಧೀಶರು ಅವರನ್ನೇ ಒಳಗೆ ಹಾಕಿದರು. ಊಟ ಏನು ಕೊಟ್ಟರೋ.)

ಇಷ್ಟೆಲ್ಲ ಬಾಕಿ ವಸೂಲಾಗುತ್ತದೆ ಎಂದು ಯಾರೂ ನಂಬಿಲ್ಲ. ಗಂಭೀರ ಅಪರಾಧಗಳ ಕೋರ್ಟು ಶುಲ್ಕಗಳಲ್ಲಿ ಶೇ. 9ರಷ್ಟು ಕೈಸೇರಿದರೆ ಗುರಿ ತಲುಪಿದಂತೆ ಎಂದು ಕೋರ್ಟು ಕ್ಲರ್ಕುಗಳಿಗೆ ಮಟ್ಟ ನಿಗದಿಯಾಗಿದೆ. ನೂರಕ್ಕೆ ಒಂಬತ್ತು ತೆಗೆದರೆ ಪಾಸು! ಉಳಿದ ತೊಂಬತ್ತೊಂದನ್ನು ಬಿಡುವುದೂ ಇಲ್ಲ. 90 ದಿನ ದಾಟಿದ ಬಾಕಿಯನ್ನು ಖಾಸಗಿ ವಸೂಲಿ ಏಜೆನ್ಸಿಗೆ ಒಪ್ಪಿಸುತ್ತಾರೆ, ಅವರು ಶೇ. 40ರವರೆಗೆ ತಮ್ಮ ಪಾಲು ಸೇರಿಸಬಹುದು. ಜತೆಗೆ ಡ್ರೈವಿಂಗ್ ಲೈಸೆನ್ಸ್ ಅಮಾನತು. ಬಸ್ಸೇ ಓಡದ ಊರಿನಲ್ಲಿ ಕಾರಿಲ್ಲದೆ ಕೆಲಸಕ್ಕೆ ಹೋಗಿ ಸಾಲ ತೀರಿಸುವುದು ಹೇಗೆ ಎಂಬುದನ್ನು ಕೈದಿಯ ಕಲ್ಪನೆಗೆ ಬಿಟ್ಟಿದ್ದಾರೆ.

2018ರಲ್ಲಿ ಜನರಿಗೇ ಕರುಣೆ ಬಂತು. ಕೊಲೆ ಮತ್ತು ಲೈಂಗಿಕ ಅಪರಾಧ ಬಿಟ್ಟು ಬೇರೆ ಶಿಕ್ಷೆಗಳನ್ನು ಮುಗಿಸಿದವರಿಗೆ ಮತದಾನದ ಹಕ್ಕು ವಾಪಸು ಕೊಡಬೇಕೆಂದು ಶೇ. 64ಕ್ಕೂ ಹೆಚ್ಚು ಮತದಾರರು ಸಂವಿಧಾನವನ್ನೇ ತಿದ್ದಿದರು. ಮರುವರ್ಷವೇ ಶಾಸಕರು ಹೊಸ ಕಾನೂನು ತಂದರು: ಶಿಕ್ಷೆ ಮುಗಿಯುವುದೆಂದರೆ ತೀರ್ಪಿನಲ್ಲಿ ಬರೆದ ದಂಡ, ಶುಲ್ಕ, ಪರಿಹಾರ ಎಲ್ಲವೂ ಚುಕ್ತಾ ಆಗುವುದು. ಸರಿ, ಎಷ್ಟು ಕಟ್ಟಬೇಕು? ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವುದು ಹಳೆಯ ಮಾತು. ಇಲ್ಲಿ ಪೂಜಾರಿ ಕೊಡಲು ತಯಾರಿದ್ದಾನೆ, ಕಾಣಿಕೆ ಎಷ್ಟೆಂದು ಅವನಿಗೇ ಗೊತ್ತಿಲ್ಲ. ಫ್ಲೋರಿಡಾದ 67 ಕೌಂಟಿಗಳ ಲೆಕ್ಕ ಒಂದೆಡೆ ಸಿಗುವ ಪುಸ್ತಕ ರಾಜ್ಯದ ಹತ್ತಿರ ಇರಲಿಲ್ಲ. ವಿಶ್ವವಿದ್ಯಾಲಯದ ಪ್ರಾಧ್ಯಾಪಕರೊಬ್ಬರು ಪಿಎಚ್‌.ಡಿ. ವಿದ್ಯಾರ್ಥಿಗಳ ತಂಡ ಕಟ್ಟಿಕೊಂಡು 153 ಮಂದಿಯ ಬಾಕಿ ಹುಡುಕಲು ಹೊರಟರು. ಮೂವರನ್ನು ಬಿಟ್ಟು ಉಳಿದೆಲ್ಲರ ದಾಖಲೆಗಳು ಒಂದಕ್ಕೊಂದು ತಾಳೆಯಾಗಲಿಲ್ಲ. ಮತದಾರರ ಪಟ್ಟಿಗೆ ಸೇರಲು ಇಂಥವರು ಹಾಕಿದ 85,000 ಅರ್ಜಿಗಳ ಪರಿಶೀಲನೆ ಈ ವೇಗದಲ್ಲಿ ನಡೆದರೆ ಮುಗಿಯುವುದು 2026ಕ್ಕೆ ಎಂದು ಫೆಡರಲ್ ನ್ಯಾಯಾಧೀಶ ರಾಬರ್ಟ್ ಹಿಂಕಲ್ 2020ರಲ್ಲಿ ಲೆಕ್ಕ ಹಾಕಿ, ಹಣ ಕಟ್ಟಿ ಮತ ಹಾಕುವ ಈ ಪದ್ಧತಿ ಸಂವಿಧಾನಕ್ಕೆ ವಿರುದ್ಧ ಎಂದರು. ಮೇಲಿನ ಕೋರ್ಟು 6-4ರಲ್ಲಿ ಅದನ್ನು ತಳ್ಳಿಹಾಕಿತು.

ಗೊಂದಲವಾದರೆ ಹೀಗೆ ಮಾಡಿ: ಮತದಾರರ ಪಟ್ಟಿಗೆ ಅರ್ಜಿ ಹಾಕಿ. ಕಚೇರಿಯವರು ಅರ್ಹರೆಂದು ಭಾವಿಸಿದರೆ ಕಾರ್ಡು ಮನೆಗೆ ಬರುತ್ತದೆ. ಅದನ್ನು ನಂಬಬೇಡಿ. 2022ರ ಆಗಸ್ಟ್‌ನಲ್ಲಿ ಗವರ್ನರ್ ರಾನ್ ಡಿಸ್ಯಾಂಟಿಸ್ ಪತ್ರಿಕಾಗೋಷ್ಠಿ ಕರೆದು, ಹಕ್ಕಿಲ್ಲದೆ ಮತ ಹಾಕಿದ 20 ಮಂದಿಯ ಬಂಧನ ಘೋಷಿಸಿದರು. ಇವರ ಹಿಂದಿನ ಅಪರಾಧ ಕೊಲೆ ಅಥವಾ ಲೈಂಗಿಕ ಅಪರಾಧ, ಹಾಗಾಗಿ 2018ರ ತಿದ್ದುಪಡಿಯಿಂದ ಹೊರಗೆ. ಹಲವರಿಗೆ ಮತದಾರರ ಕಾರ್ಡು ಕೊಟ್ಟದ್ದು ಸರ್ಕಾರಿ ಕಚೇರಿಯೇ. ಕೈಕೋಳ ಬಿದ್ದಾಗ, ಕಾರ್ಡು ಕೊಟ್ಟವರು ನೀವೇ ಅಲ್ಲವೇ ಎಂದು ಕೇಳಿದ್ದು ಪೊಲೀಸರ ಮೈಮೇಲಿನ ಕ್ಯಾಮೆರಾದಲ್ಲೇ ದಾಖಲಾಗಿದೆ. ಆರೋಪ ಸಾಬೀತಾದರೆ ಗರಿಷ್ಠ ಐದು ವರ್ಷ ಸಜೆ. ದಿನದ ದರ ಮೇಲೆ ಹೇಳಿದ್ದೇ.

ವ್ಯವಸ್ಥೆ ಸುಧಾರಿಸಬೇಕೆಂಬ ಕೂಗು ಎದ್ದಿತು, ಸರ್ಕಾರವೂ ಕಿವಿಗೊಟ್ಟಿತು. 2023ರಲ್ಲಿ ಕಾನೂನು ತಿದ್ದಿ, ಮತದಾರರ ಕಾರ್ಡಿನ ಮೇಲೆ ಹೊಸ ಸೂಚನೆಯೊಂದನ್ನು ಅಚ್ಚು ಹಾಕಿಸಿದರು: ಈ ಕಾರ್ಡು ಮಾಹಿತಿಗಾಗಿ ಮಾತ್ರ, ಮತ ಹಾಕುವ ಅರ್ಹತೆಗೆ ಇದು ಪುರಾವೆಯಲ್ಲ.