ಕಪ್ಪು ಅಂದರೆ ಸ್ಟ್ರಾಂಗ್ ಅಂತಲ್ಲ
ಚಳಿಗಾಲದ ಕಪ್ಪು ಬಿಯರ್‌ಗಳ ಬಗ್ಗೆ ಬಂದ ಲೇಖನ ಓದಿ ಖುಷಿಯಾಯಿತು. ಆದರೆ ಅದರಲ್ಲಿದ್ದ ‘ಬಣ್ಣ ಕಪ್ಪಾದಷ್ಟೂ ಕಿಕ್ ಜಾಸ್ತಿ’ ಅನ್ನುವ ಮಾತು ಸರಿಯಲ್ಲ. ಬಣ್ಣ ಬರುವುದು ಬಾರ್ಲಿಯನ್ನು ಹುರಿದ ಹದದಿಂದ, ಆಲ್ಕೋಹಾಲಿನಿಂದ ಅಲ್ಲ. ಐರ್ಲೆಂಡಿನ ಗಿನ್ನೆಸ್ ಡ್ರಾಫ್ಟ್ ಬಿಯರ್ ಅಷ್ಟು ಕಪ್ಪಗಿದ್ದರೂ ಅದರಲ್ಲಿ ಆಲ್ಕೋಹಾಲ್ ಶೇ 4.2ರ ಆಸುಪಾಸು ಅಷ್ಟೇ. ನಮ್ಮ ಕಡೆ ಅಂಗಡಿಗಳಲ್ಲಿ ಸಿಗುವ ಹಳದಿ ಸ್ಟ್ರಾಂಗ್ ಬಿಯರ್‌ನಲ್ಲಿ ಶೇ 8ರವರೆಗೂ ಇರುತ್ತದೆ. ಸ್ಟೌಟ್ ಅಂದರೆ ಹುರಿದ ಬಾರ್ಲಿಯ ಕಪ್ಪು ಬಿಯರ್; ಅದರಲ್ಲಿ ಇಂಪೀರಿಯಲ್ ಸ್ಟೌಟ್ ಮಾತ್ರ ಬೇರೆ, ಅದು ಶೇ 10 ದಾಟುವುದೂ ಉಂಟು.

ಹೋದ ಡಿಸೆಂಬರ್‌ನಲ್ಲಿ ನಮ್ಮ ಭಾವ ಬೆಂಗಳೂರಿನಿಂದ ಒಂದು ಬಾಟಲಿ ಸ್ಟೌಟ್ ತಂದಿದ್ದರು. ದಾವಣಗೆರೆಯ ಚಳಿ, ಮನೆಯ ಮಾಳಿಗೆ. ಫ್ರಿಜ್‌ನಿಂದ ತೆಗೆದ ಕೂಡಲೇ ಕುಡಿದೆವು, ಬರೀ ಕಹಿ. ಗ್ಲಾಸ್ ಹಾಗೇ ಇಟ್ಟು ಇಪ್ಪತ್ತು ನಿಮಿಷ ಮಾತಾಡುತ್ತಾ ಕೂತೆವು. ಆಮೇಲೆ ನೋಡಿ, ಹುರಿದ ಕಾಫಿ ಬೀಜದ ವಾಸನೆ, ಕೊನೆಗೆ ಕಾಯಿಸಿದ ಬೆಲ್ಲದಂಥ ಸಿಹಿ! ಮಂಡಕ್ಕಿ ಭಟ್ಟಿ ಕಡೆ ಓಡಾಡಿದವರಿಗೆ ಆ ಹುರಿದ ಘಮ ಹೊಸದೇನಲ್ಲ, ಅಲ್ವಾ? ಇಂಥ ಬಿಯರ್‌ಗೆ 10–13 ಡಿಗ್ರಿ ಸಾಕು. ತೀರಾ ತಣ್ಣಗಿದ್ದರೆ ಘಮ ಏಳುವುದೇ ಇಲ್ಲ. ಜೊತೆಗೆ ಮಿರ್ಚಿ ಬೇಡ, ಖಾರಕ್ಕೆ ಕಹಿ ಸೇರಿ ನಾಲಿಗೆ ಸುಮ್ನೆ ಉರಿಯುತ್ತದೆ. ಹುರಿದ ಶೇಂಗಾ ಇಟ್ಟುಕೊಳ್ಳಿ.