ಇಲ್ಲಿ ರಾಜಕೀಯ ಮಾತನಾಡಬೇಡಿ

ನಾನು ಹೋಗುವ ಸೆಲೂನಿನ ಕನ್ನಡಿಯ ಮೇಲೆ 'ಸಾಲ ಕೇಳಬೇಡಿ' ಬೋರ್ಡಿನ ಪಕ್ಕದಲ್ಲೇ 'ರಾಜಕೀಯ ಮಾತನಾಡಬೇಡಿ' ಎಂಬ ಇನ್ನೊಂದು ಬೋರ್ಡಿದೆ. ಮೊದಲನೆಯದನ್ನು ಜನ ಅಷ್ಟಿಷ್ಟು ಪಾಲಿಸುತ್ತಾರೆ. ಎರಡನೆಯದು ಬರೀ ಅಲಂಕಾರಕ್ಕೆ. ಕುತ್ತಿಗೆಗೆ ಬಟ್ಟೆ ಬಿಗಿದು, ಕತ್ತಿ ಕಿವಿಯ ಹತ್ತಿರ ಬಂದಾಗಲೇ ನಮ್ಮವರಿಗೆ ದೇಶದ ಚಿಂತೆ ಹತ್ತುವುದು. ಬೆಂಚಿನಲ್ಲಿ ಕಾಯುತ್ತ ಕೂತವರು ಪೇಪರು ಮಡಚಿಟ್ಟು ಸೇರಿಕೊಳ್ಳುತ್ತಾರೆ. ಪಂಚಾಯತಿ ಚುನಾವಣೆಯಿಂದ ಹೊರಟ ಮಾತು ದೇವರಿದ್ದಾನೋ ಇಲ್ಲವೋ ಎಂಬಲ್ಲಿಗೆ ಮುಟ್ಟಲು ಒಂದು ಶೇವಿಂಗ್ ಸಾಕು. ಆದರೆ "ನೀವು ಹೇಳಿದ್ದೇ ಸರಿ ಮಾರಾಯ್ರೇ, ಇನ್ನು ನನ್ನ ಓಟು ನಿಮ್ಮವರಿಗೇ" ಎಂದು ಎದ್ದುಹೋದವರನ್ನು ನಾನಂತೂ ಕಂಡಿಲ್ಲ. ಕೈಯಲ್ಲಿ ಕತ್ತಿ ಹಿಡಿದವನೊಬ್ಬನೇ ಅಲ್ಲಿ ಇಬ್ಬರಿಗೂ "ಹೌದಣ್ಣ" ಅನ್ನುವವನು.

ವಾದವನ್ನು ಗೆಲ್ಲಲೇಬೇಕೆಂಬ ಈ ತಲೆಬಿಸಿಗೆ ನಮ್ಮ ಕರಾವಳಿಯವರು ಹಿಂದೆಯೇ ಒಂದು ಮದ್ದು ಮಾಡಿಟ್ಟಿದ್ದಾರೆ: ತಾಳಮದ್ದಳೆ. ಯಕ್ಷಗಾನದ್ದೇ ಪ್ರಸಂಗ, ಆದರೆ ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಪದ ಮುಗಿದು ಚೆಂಡೆ ಮದ್ದಳೆ ನಿಂತಿತೋ, ಪಂಚೆ ಉಟ್ಟು ಶಾಲು ಹೊದ್ದು ಕೂತ ಅರ್ಥಧಾರಿಗಳು, ಅಂದರೆ ಪಾತ್ರವಾಗಿ ಮಾತನಾಡುವವರು, ಮಾತಿಗೆ ಮಾತು ಕೊಡಲು ಶುರುಮಾಡುತ್ತಾರೆ. ವಾಲಿವಧೆಯನ್ನೇ ನೋಡಿ. ಮರದ ಮರೆಯಲ್ಲಿ ನಿಂತು ಹೊಡೆದೆಯಲ್ಲ, ನನಗೂ ನಿನಗೂ ಏನು ಹಗೆ ಎಂದು ಬಿದ್ದಲ್ಲಿಂದಲೇ ಕೇಳುತ್ತಾನೆ ವಾಲಿ. ತಮ್ಮನ ಹೆಂಡತಿಯನ್ನು ಇಟ್ಟುಕೊಂಡವನ ಬಾಯಲ್ಲಿ ಧರ್ಮವೇ ಎನ್ನುತ್ತಾನೆ ರಾಮ. ಕಪಿಗಳಿಗೆ ಮನುಷ್ಯರ ಧರ್ಮ ಯಾಕೆ ಎಂದು ವಾಲಿ. ಕಪಿಯೇ ಆದರೆ ಬೇಟೆಯ ನಿಯಮ ಸಾಕು, ಮರೆಯಲ್ಲಿ ನಿಂತದ್ದು ಹೇಗೆ ತಪ್ಪು ಎಂದು ರಾಮ. ಹೀಗೇ ಗಂಟೆಗಟ್ಟಲೆ. ಹೆಸರಾಂತ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರು ವಾಲಿಯಾದರೆ ಎದುರಿಗೆ ರಾಮನಾಗಿ ಕೂರುವುದಕ್ಕೆ ಗುಂಡಿಗೆ ಬೇಕಿತ್ತು. ಸಭೆಯಲ್ಲಿದ್ದ ರಾಮಭಕ್ತರು ವಾಲಿಯ ಮಾತಿಗೆ ತಲೆದೂಗಿ, ಮನೆಗೆ ಹೋಗಿ ರಾಮನ ಪಟಕ್ಕೇ ಕೈಮುಗಿಯುತ್ತಾರೆ. ಇನ್ನೂ ಸೊಗಸೆಂದರೆ, ಇವತ್ತು ವಾಲಿಯಾದವರು ಮುಂದಿನ ಕೂಟದಲ್ಲಿ ರಾಮನಾಗಿ ಕೂತು ತಾವೇ ಹಾಕಿದ ಪ್ರಶ್ನೆಗೆ ಉತ್ತರ ಹುಡುಕಬೇಕಾಗಬಹುದು. ಸೆಲೂನಿನಲ್ಲೂ ಈ ನಿಯಮ ತರಬಹುದು: ಪ್ರತಿಯೊಬ್ಬನೂ ಎದುರು ಪಕ್ಷದ ಅರ್ಥ ಹೇಳತಕ್ಕದ್ದು. ಅರ್ಧ ಗಡ್ಡಕ್ಕೇ ಎದ್ದು ಓಡಿಯಾರು ಎಂಬುದೊಂದೇ ಭಯ.

ಮತಧರ್ಮದ ಮಾತು ಬಂದಾಗ ಬರೀ ಬಾಯಿಮಾತು ಸಾಲದು ಎಂದವರೂ ಇದ್ದರು. ಶಿವನೇ ದೊಡ್ಡವನೆಂದು ತೋರಿಸಲು ಶಿವಭಕ್ತ ಏಕಾಂತದ ರಾಮಯ್ಯ ಜೈನರೊಡನೆ ಪಣ ಕಟ್ಟಿ, ತಲೆಯನ್ನೇ ಅರಿದುಕೊಂಡು ಮರಳಿ ಪಡೆದನೆಂದು ಅಬ್ಲೂರಿನ ಶಾಸನ ಹೇಳುತ್ತದೆ. ಅಷ್ಟು ಖರ್ಚಿನ ವಾದ ನಮ್ಮಂಥವರಿಗೆ ಆಗಿಬರದು.

ನನಗೆ ಹಿಡಿಸುವುದು ಶ್ರವಣಬೆಳಗೊಳದ 1368ರ ಶಾಸನ. ಜೈನರಿಗೂ ಶ್ರೀವೈಷ್ಣವರಿಗೂ ವ್ಯಾಜ್ಯವಾಗಿ ಜೈನರ ದೂರು ವಿಜಯನಗರದ ಬುಕ್ಕರಾಯನ ತನಕ ಹೋಯಿತು. ಯಾರ ದರ್ಶನ ಮೇಲು ಎಂದು ಅವನು ವಿಚಾರಿಸಲೇ ಇಲ್ಲ. ಎರಡಕ್ಕೂ ಭೇದವಿಲ್ಲ ಎಂದು ಜೈನರ ಕೈಯನ್ನು ವೈಷ್ಣವರ ಕೈಗೆ ಹಿಡಿಸಿದ. ಅಲ್ಲಿಗೇ ನಿಂತಿದ್ದರೆ ಇವತ್ತಿನ ಶಾಂತಿಸಭೆಯ ಫೋಟೋ ಆಗುತ್ತಿತ್ತು. ಅವನು ವಿವರಕ್ಕಿಳಿದ: ಪಂಚಮಹಾವಾದ್ಯ, ಕಳಶದ ಮರ್ಯಾದೆ ಜೈನರಿಗೂ ಸಲ್ಲಬೇಕು, ಜೈನರ ಮನೆಗಳಿಂದ ವರ್ಷಕ್ಕೊಂದು ಹಣದಂತೆ (ಹಣವೆಂದರೆ ಆಗಿನ ಒಂದು ನಾಣ್ಯ) ಎತ್ತಿ ಬೆಳಗೊಳದ ದೇವರಿಗೆ 20 ಆಳು ಮೈಗಾವಲು ಇಡಬೇಕು, ಮಿಕ್ಕ ದುಡ್ಡಿನಲ್ಲಿ ಹಳೆಯ ಬಸದಿಗಳಿಗೆ ಸುಣ್ಣ ಬಳಿಸಬೇಕು. ಆ ಕಾವಲಾಳುಗಳನ್ನು ನೇಮಿಸುವ ಹೊಣೆಯನ್ನು ಮಾತ್ರ ವೈಷ್ಣವರಿಗೇ ಕಟ್ಟಿದ. ರಾಜಕೀಯ ಬಲ್ಲವನು, ಮಾರಾಯ್ರೇ!